ಸಬ್ಸಿಡಿ ಎತ್ತಿನ ಫೋಟೋ

ಕೂಡ್ಲಿಗಿ ಬಸ್ ನಿಲ್ದಾಣದ ಎದುರು ಉಸ್ಮಾನ್ ಸಾಬರ ಸ್ಟುಡಿಯೋ, ಪಕ್ಕದಲ್ಲೇ ನನ್ನ ಸೈಕಲ್ ಶಾಪು. ಊರಿಗೆಲ್ಲ ಫೋಟೋ ತೆಗೆದ ಸಾಬರು ತಮ್ಮದನ್ನು ತೆಗೆಸಿಕೊಂಡದ್ದು ಒಮ್ಮೆ ಮಾತ್ರ, ಅದೂ ಬೇರೆಯವನ ಹೆಸರಿನಲ್ಲಿ. ಗುಂಡಿ ಒತ್ತಿದ ಪುಣ್ಯಾತ್ಮ ನಾನೇ.

ಎಪ್ಪತ್ತೆಂಟರ ಮಾರ್ಚ್ ತಿಂಗಳ ಕೊನೆಯ ದಿನ. ಸಣ್ಣ ರೈತರು ಎತ್ತು ಕೊಂಡರೆ ಬೆಲೆಯ ಮೂರನೇ ಒಂದು ಪಾಲನ್ನು ಸರ್ಕಾರ ಕೊಡುತ್ತಿತ್ತು. ಅದಕ್ಕೆ ರೈತ ಎತ್ತುಗಳ ಜೊತೆ ನಿಂತ ಫೋಟೋ ಬೇಕು. ಗುಡೇಕೋಟೆ ಕಡೆಯ ಬೆನಕಪ್ಪನ ಎತ್ತುಗಳನ್ನು ಅವನ ತಮ್ಮ ಬೊಮ್ಮಪ್ಪ ಹೊಡೆದುಕೊಂಡು ಬಂದ. ಅಣ್ಣ ಚಳಿಜ್ವರದಲ್ಲಿ ಮಲಗಿದ್ದನಂತೆ. ಸಂಜೆಯೊಳಗೆ ಫೋಟೋ ಕಚೇರಿ ಸೇರದಿದ್ದರೆ ಸಬ್ಸಿಡಿಗೆ ಎಳ್ಳುನೀರು. ಬೊಮ್ಮಪ್ಪನನ್ನೇ ನಿಲ್ಲಿಸೋಣವೆಂದರೆ ಅವನು ಕಡ್ಡಿ ಪೈಲ್ವಾನ್. ಬೆನಕಪ್ಪನ ಮೈಕಟ್ಟು ಇದ್ದದ್ದು ಸಾಬರಿಗೆ.

“ನಾ ನಿಂದರ್ತೀನಿ, ನೀ ಗುಂಡಿ ಒತ್ತಲೇ” ಎಂದವರೇ ಬೊಮ್ಮಪ್ಪ ತಂದಿದ್ದ ಅಣ್ಣನ ಕಂಬಳಿಯನ್ನು ತಲೆತುಂಬ ಹೊದ್ದು, ಚಪ್ಪಲಿ ಬಿಟ್ಟು ಎತ್ತುಗಳ ನಡುವೆ ನಿಂತರು. ಮುಖ ನೆರಳಿನಲ್ಲಿ ಮರೆಯಾಯಿತು. ಬೆನಕಪ್ಪನ ಕೆಲಸವಾಯಿತು. ನಾವು ಖುಷಿಯಿಂದ ಚಹಾ ಕುಡಿದೆವು.

ಎರಡು ವರ್ಷಕ್ಕೆ ಬೆನಕಪ್ಪ ತೀರಿಕೊಂಡ. ಹೆಂಡತಿ ಉಚ್ಚಂಗೆಮ್ಮ ಬಸ್ಸಿಳಿದು ನೇರ ಸ್ಟುಡಿಯೋಕ್ಕೆ ಬಂದಳು.

“ಅಣ್ಣಾರ, ಎತ್ತಿನ ಜೋಡಿ ನಮ್ಮ ಮನಿಯವರ ಫೋಟೋ ತಗದೀರಂತ. ಬ್ಯಾರೆ ಯಾವುದೂ ಇಲ್ರಿ. ಮುಖ ಮರ್ತು ಹೋಗತೈತೇನೋ ಅಂತ ಹೆದರಿಕಿ ಆಗೈತಿ.”

ನೆಗೆಟಿವ್ ಸಿಗುತ್ತಿಲ್ಲವೆಂದು ಸಾಬರು ಎರಡು ಸಲ ಹಿಂದಕ್ಕೆ ಕಳಿಸಿದರು. ಮೂರನೆಯ ಸಲವೂ ಬಂದಳು. “ಮುಖ ಕಾಣಂಗಿಲ್ಲ, ಕೊಟ್ಟುಬಿಡ್ರಿ” ಎಂದೆ ನಾನು. ನನ್ನ ಹಾಳು ಬುದ್ಧಿ! ಅವಳು ಫೋಟೋವನ್ನು ಬಹಳ ಹೊತ್ತು ನೋಡಿ, ಕಣ್ಣಿಗೊತ್ತಿಕೊಂಡು ಹೋದಳು.

ಅಂದಿನಿಂದ ಸಾಬರ ನಿದ್ದೆ ಹೋಯಿತು. ಕೂತಲ್ಲೇ ಹಣೆ ಒರೆಸಿಕೊಳ್ಳುವರು. “ಆ ಮನ್ಯಾಗ ನನಗ ವಿಭೂತಿ ಹಚ್ಚಿ ಹಾರ ಹಾಕ್ಯಾರಲೇ. ಊದಿನಕಡ್ಡಿ ವಾಸನಿ ಬಂತೇನು?” ಎಂದು ಕೇಳುವರು. ಮೊದಲ ದಿನ ನಕ್ಕೆ. ಆಮೇಲೊಂದು ಮಧ್ಯಾಹ್ನ ಪಂಕ್ಚರ್ ಹಾಕುತ್ತಿದ್ದಾಗ ನನಗೂ ಆ ವಾಸನೆ ಬಂತು. ಟ್ಯೂಬನ್ನು ಅಲ್ಲೇ ಬಿಟ್ಟು ಎದ್ದೆ.

ಹಿರಿಯರ ಹಬ್ಬದ ದಿನ ಉಚ್ಚಂಗೆಮ್ಮ ಮತ್ತೆ ಬಂದಳು, ಕೈಯಲ್ಲಿ ಬಟ್ಟೆ ಕಟ್ಟಿದ ಡಬ್ಬಿ. ಸಾಬರು ಎದ್ದು ನಿಂತುಬಿಟ್ಟರು.

“ಫೋಟೋ ಕೊಟ್ಟ ದಿನಾನ ಗೊತ್ತಾತ್ರಿ” ಎಂದಳು ಅವಳು. “ನಮ್ಮ ಮನಿಯವರ ಎಡಗಾಲ ಹೆಬ್ಬೆರಳು ಹೊಲದಾಗ ಕುಂಟಿ ಹೊಡಿಯಾಗ ತುಂಡಾಗಿ ಹೋಗಿತ್ತು. ಫೋಟೋದಾಗ ಐದೂ ಬೆರಳು ಅದಾವ.”

“ತಪ್ಪಾತವ್ವಾ. ಹರದು ಒಗಿ ಅದನ್ನ.”

“ಹೆಂಗ ಒಗೀಲ್ರಿ? ಎತ್ತು ಅವರವು, ಕಂಬಳಿ ಅವರದು. ಇವತ್ತು ಫೋಟೋದ ಮುಂದ ಎಡಿ ಇಡಾಕ ಹೋದ್ನಿ, ಕೈ ಏಳಲಿಲ್ಲ. ಬದುಕಿದ್ದವರ ಮುಂದ ಸತ್ತವರ ಎಡಿ ಹೆಂಗ ಇಡ್ಲಿ? ಅವರ ಪಾಲಿಂದು ನೀವ ಉಣ್ರಿ.”

ಡಬ್ಬಿಯಲ್ಲಿ ಹೋಳಿಗೆ, ಬದನೆಕಾಯಿ ಪಲ್ಯ ಇದ್ದವು. ಸಾಬರು ಅಳುತ್ತಲೇ ಉಂಡರು. ಕೊನೆಯ ತುತ್ತಿನವರೆಗೂ ಅವಳು ಅವರ ಬಾಯನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಡಬ್ಬಿ ತೊಳೆದುಕೊಂಡು, “ಬರೋ ವರ್ಷಕ್ಕೂ ಗಟ್ಟಿ ಇರ್ರಿ” ಎಂದು ಬಸ್ಸಿಗೆ ಹೋದಳು.

ಸಾಬರು ಇನ್ನೂ ಏಳು ವರ್ಷ ಬದುಕಿದ್ದರು. ಪ್ರತಿ ವರ್ಷ ಆ ದಿನ ಬೆಳಗಿನಿಂದ ಏನೂ ತಿನ್ನದೆ ಬಸ್ಸಿನ ದಾರಿ ಕಾಯುತ್ತಿದ್ದರು. ಅವಳು ತಪ್ಪದೆ ಬಂದಳು. ಗುಂಡಿ ಒತ್ತಿದ ನನಗೆ ಮಾತ್ರ ಒಂದು ತುತ್ತೂ ಕೊಡಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.