ಜೈತೂನಬಿಯ ಕಾಯಿಲೆ ಮುಚ್ಚಿಟ್ಟ ನಾಲ್ಕು ದಿನ

ಸುಮಾ, ಮಲ್ಲು, ಇದನ್ನು ನಿಮ್ಮೆದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

2022ರ ಜನವರಿ. ಕೋವಿಡ್ ಮೂರನೇ ಸಲ ಬಂದಿತ್ತು. ಬಂಕಾಪುರದ ಹತ್ತಿರ ನಮ್ಮೂರಿನಲ್ಲಿ ನಾನು ಆಶಾ ಕಾರ್ಯಕರ್ತೆ. ಯಾವ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ಬರೆದುಕೊಳ್ಳುವುದು, ಜ್ವರ ಬಂದವರ ಸುದ್ದಿ ಡಾಕ್ಟರಿಗೆ ಮುಟ್ಟಿಸುವುದು ನನ್ನ ಕೆಲಸ.

ನಮ್ಮ ಓಣಿಯಲ್ಲಿ ಕೌದಿ ಹೊಲಿಯುತ್ತಿದ್ದ ಜೈತೂನಬಿಗೆ ಬ್ಲಡ್ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಔಷಧ ನಡೆದಿತ್ತು. ಮಗಳು ಶಬಾನಾಳಿಗೆ ಸವಣೂರಿನ ಸಂಬಂಧ ಕುದುರಿತ್ತು. ಕಾಯಿಲೆಯ ಹೆಸರು ಕೇಳಿ ಬೀಗರು ಹಿಂದೆ ಸರಿದಾರೆಂದು, 'ರಕ್ತ ಕಡಿಮೆ' ಎಂದಷ್ಟೇ ಬರೆದುಕೋ ಎಂದು ಜೈತೂನಬಿ ಬೇಡಿಕೊಂಡಳು.

"ಗಂಗವ್ವಾ, ನೀ ಮಾತಾಡೂದ ಕಮ್ಮಿ ಅಂತ ನಿನಗ ಹೇಳೇನಿ. ಬ್ಯಾರೇದವ್ರಿಗೆ ಹೇಳಿದ್ರ ಬಸ್ಸಿಗಿಂತ ಮೊದ್ಲ ಸುದ್ದಿ ಸವಣೂರು ಮುಟ್ಟತೈತಿ," ಎಂದು ನಕ್ಕಳು. ಅವಳು ಹೇಳಿದಂತೆಯೇ ಬರೆದೆ.

ಅವಳಿಗೆ ಜ್ವರ ಬಂತು. ಮರುದಿನ ಟೆಸ್ಟ್ ಪಾಸಿಟಿವ್ ಎಂದಾಗ ನಮ್ಮ ಡಾಕ್ಟರು ಮನೆಗೇ ಬಂದರು. ವಿಚಾರಿಸಲು ಬಂದ ಬೀಗತಿ ಬಾಗಿಲ ಹೊರಗೆ ನಿಂತಿದ್ದರು. ಬೇರೆ ಕಾಯಿಲೆ ಇದೆಯೇ ಎಂದು ಡಾಕ್ಟರು ಕೇಳಿದರು. ಜೈತೂನಬಿ ನನ್ನನ್ನು ನೋಡಿ ತಲೆ ತಗ್ಗಿಸಿದಳು.

"ರಕ್ತ ಕಡಿಮಿ ಐತ್ರಿ ಸರ್," ಎಂದೆ.

ಎಲ್ಲರಿಗೂ ಕೊಡುವ ಜ್ವರದ ಮಾತ್ರೆ ಕೊಟ್ಟು ಹೋದರು. ಬ್ಲಡ್ ಕ್ಯಾನ್ಸರ್ ಇದ್ದವರ ಮೈಗೆ ವೈರಸ್ ಎದುರಿಸುವ ಶಕ್ತಿ ಕಡಿಮೆ, ಅವರಿಗೆ ಬೇರೆ ಔಷಧ ಬೇಕು, ಅದನ್ನು ಜ್ವರ ಶುರುವಾದ ಐದು ದಿನದೊಳಗೆ ಕೊಡಬೇಕು ಎಂದು ನಮಗೆ ಹೇಳಿಕೊಟ್ಟಿದ್ದರು. ನನಗೆ ಗೊತ್ತಿತ್ತು, ಮಕ್ಕಳೇ. ಹಿಂದೆಯೇ ಹೋಗಿ ಹೇಳಬಹುದಿತ್ತು, ಫೋನ್ ಮಾಡಬಹುದಿತ್ತು. ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡೆ. ಅದು ನಿಜವಲ್ಲ. ತಪ್ಪು ಬರೆದದ್ದಕ್ಕೆ ಡಾಕ್ಟರು ಬೈಯುತ್ತಾರೆಂದು ಹೆದರಿದ್ದೆ. ನಾಲ್ಕು ದಿನ ಅವಳ ಬೆರಳಿಗೆ ಆಕ್ಸಿಮೀಟರ್ ಹಚ್ಚಿ, ಆರಾಮ ಇದ್ದಾಳೆಂದು ಸುದ್ದಿ ಕೊಟ್ಟೆ. ಜ್ವರದ ಆರನೇ ದಿನ ಆಕ್ಸಿಜನ್ ಎಂಬತ್ತಾರಕ್ಕೆ ಇಳಿಯಿತು.

ಆಗ ಅಳುತ್ತ ಫೋನಿನಲ್ಲಿ ಎಲ್ಲ ಹೇಳಿದೆ. ಡಾಕ್ಟರು ಬೈಯಲಿಲ್ಲ.

"ಅವತ್ತ ನನ್ನ ಕಿವ್ಯಾಗ ಒಂದ ಮಾತು ಹೇಳಿದ್ರ ಸಾಕಿತ್ತಲ್ಲ ಗಂಗವ್ವಾ. ಔಷಧ ತರಸ್ತಿದ್ದೆ."

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಜೈತೂನಬಿ ತೀರಿಹೋದಳು. ಹೊತ್ತಿಗೆ ಸರಿಯಾಗಿ ಔಷಧ ಸಿಕ್ಕಿದ್ದರೆ ಉಳಿಯುತ್ತಿದ್ದಳೋ, ಯಾರೂ ಹೇಳಲಾರರು. ಉಳಿಯಬಹುದಾದ ದಾರಿಯನ್ನು ಮುಚ್ಚಿದವಳು ನಾನು.

ನಿಕಾಹ್ ಆದಮೇಲೆ ಶಬಾನಾ ಬಂದು ನನ್ನ ಕೈ ಹಿಡಿದಳು. "ಡಾಕ್ಟರಿಗೆ ಮೊದಲ ದಿನಾನ ಗುಟ್ಟಾಗಿ ಹೇಳಿರ್ತೀರಿ ಅಂತ ನನಗ ಗೊತ್ತೈತ್ರಿ ಅವ್ವಾರ. ಮಂದಿ ಮುಂದ ಮಾತ್ರ ನಮ್ಮ ಮರ್ಯಾದಿ ಕಳೀಲಿಲ್ಲ," ಎಂದಳು. ನಾನು ಇಲ್ಲ ಎನ್ನಲಿಲ್ಲ.

ರೋಗಿಯ ಗುಟ್ಟನ್ನು ಓಣಿಗೆ ಬಿಡಬಾರದು, ಡಾಕ್ಟರಿಂದ ಮುಚ್ಚಿಡಲೂಬಾರದು. ಈ ಕೆಲಸ ನನಗೆ ಇದನ್ನು ಒಂದು ಜೀವ ಹೋದಮೇಲೆ ಕಲಿಸಿತು.

ಈ ಹಾಳೆಗಳನ್ನು ಜೋಪಾನವಾಗಿಡಿ. ನನಗೆ ಧೈರ್ಯ ಬರುವ ಮೊದಲೇ ನಾನು ಹೋದರೆ, ಸವಣೂರಿಗೆ ಹೋಗಿ ಶಬಾನಾಳ ಕೈಗೆ ಕೊಡಿ.