ಹಿಮ ತೊಳೆದ ಅಕ್ಕ

ನಾಲ್ಕು ಮೂಟೆ ರವೆ. ನೀಲಗಿರಿಯ ಕೆತ್ತಿಯಲ್ಲಿ ಒಂದು ಬೆಳಗಿನ ಹಿಮಕ್ಕೆ ನಾನು ತೆತ್ತ ಬೆಲೆ ಅದು. ಕಾರಣ, ನಮ್ಮ ಪಕ್ಕದ ಹೊಲದ ಅಕ್ಕ.

ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಮಾತಾಡುವಾಗಲೂ ಕಳೆ ಕೀಳುತ್ತಲೇ ಇರೋರು. ಅವರ ಕ್ಯಾರೆಟ್ ಕೊಳ್ಳುವ ವ್ಯಾಪಾರಿ ನಾನು; ಬೆಲೆ ಬಿದ್ದಿದೆ ಅಂತ ಚೌಕಾಸಿಗಿಳಿದರೆ, "ಬೆಲೆ ಬಿದ್ದದ್ದು ಗಿಡಕ್ಕೇನು ಗೊತ್ತು?" ಅನ್ನೋರು. ಸೋತು ನಾನೇ ಎರಡು ರೂಪಾಯಿ ಏರಿಸುತ್ತಿದ್ದೆ.

ಮಕ್ಕಳ ಹಳೆಯ ಕಾದಂಬರಿಯೊಂದನ್ನು ಸಿನಿಮಾ ಮಾಡುವವರು ಬಂದರು. ಕಥೆಯ ಮಾಯಾರಾಜ್ಯಕ್ಕೆ ಬೆಳ್ಳಗೆ ಹಿಮ ಕೂತ ಹೊಲ ಬೇಕಿತ್ತು. ಅಕ್ಕನ ಆಲೂಗಡ್ಡೆ ಹೊಲವನ್ನು ನಾನೇ ಮಾತಾಡಿ ಕೊಡಿಸಿದೆ. ಹಿಮ ಕೂತು ಬೆಳೆ ಸುಟ್ಟುಹೋದರೂ ನಷ್ಟವಾಗದಷ್ಟು ಬಾಡಿಗೆ, ಅಕ್ಕನೂ ಒಪ್ಪಿದರು. ಆದರೆ ಗೊತ್ತುಮಾಡಿದ ಆ ಒಂದು ಬೆಳಗ್ಗೆ ಶೂಟಿಂಗ್ ಆಗದಿದ್ದರೆ ತಂಡ ವಾಪಸ್, ಬಾಡಿಗೆಯೂ ಇಲ್ಲ.

ಆ ಬೆಳಗ್ಗೆ ತಂಡದವರ ಜೊತೆ ಕ್ಯಾಮೆರಾ ಹೊತ್ತು ಹೋದರೆ ಹೊಲವೆಲ್ಲ ಹಸಿರೋ ಹಸಿರು! ಅಕ್ಕ ಎಂದಿನಂತೆ ಬಿಸಿಲೇರುವ ಮೊದಲೇ ಎದ್ದು, ಗಿಡ ಸುಡಬಾರದು ಅಂತ ಪೈಪು ಹಿಡಿದು ಹಿಮವನ್ನೆಲ್ಲ ತೊಳೆದುಬಿಟ್ಟಿದ್ದರು.

"ಅಕ್ಕಾ, ಇವತ್ತು ಸಿನಿಮಾ ಅಲ್ವಾ!"

"ಸಿನಿಮಾ ಅಂತ ಗಿಡಕ್ಕೇನು ಗೊತ್ತು?"

ಅಂಗಡಿ ಬಾಗಿಲು ಬಡಿದು ರವೆ ತಂದು ಎರಚಿಸಿದೆ. ಒದ್ದೆ ಎಲೆಗೆ ಚೆನ್ನಾಗಿಯೇ ಅಂಟಿತು. ಶೂಟಿಂಗ್ ಮುಗಿಯಿತು, ಬಾಡಿಗೆ ಉಳಿಯಿತು. ಅಕ್ಕ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಹುರಿದು ತರಬಾರದಿತ್ತಾ?" ಅಂದರು.

ಹಿಮಕ್ಕಾಗಿ ಹೊಲ ಬಾಡಿಗೆಗೆ ಹಿಡಿಯುವವರು ಕೇಳಿ: ಹಿಂದಿನ ದಿನವೇ ಮೋಟಾರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಮನೆಯ ಕೊಡಗಳಿಗೂ ಬೀಗ ಹಾಕಿ. ಅಷ್ಟು ಮಾಡಿದ ಮೇಲೂ ರವೆ ತಂದಿಟ್ಟಿರಿ, ಹುರಿದದ್ದೇ ಇರಲಿ.