ಒಲೆ ಮುಟ್ಟದ ಬಿಲ್ಲೆಗಳು

ನನ್ನ ಅತ್ತೆ ವ್ರತ ಹಿಡಿದದ್ದು ನಾನು ಬಸುರಿಯೆಂದು ಗೊತ್ತಾದ ಮೇಲೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೇಳಿದವರೆಲ್ಲ "ಪಾಪ, ಹಿರಿಯರು, ನೇಮದವರು" ಎಂದು ಅವಳ ಪರ ವಹಿಸುತ್ತಾರೆ. ಅತ್ತೆಯನ್ನು ಏಕವಚನದಲ್ಲಿ ಕರೆಯುತ್ತೇನೆಂದು ನನ್ನ ಮಕ್ಕಳಿಗೂ ಬೇಸರ. ಆಗಲಿ. ಬಹುವಚನವನ್ನು ಅವಳ ಎದುರಿಗೆ ಬೇಕಾದಷ್ಟು ಬಳಸಿ ಮುಗಿಸಿದ್ದೇನೆ.

ವ್ರತ ಇಷ್ಟೇ: ಬೇರೆಯವರ ಮನೆಯ ಒಲೆಯ ಮೇಲೆ ಬೆಂದದ್ದನ್ನು ಲಿಂಗಕ್ಕೆ ತೋರಿಸುವುದಿಲ್ಲ, ಲಿಂಗಕ್ಕೆ ತೋರಿಸದ್ದನ್ನು ಬಾಯಿಗಿಡುವುದಿಲ್ಲ. ಬಿಳಿ ಸಕ್ಕರೆಯನ್ನಂತೂ ಕಣ್ಣಿನಿಂದಲೂ ನೋಡುವುದಿಲ್ಲ, ಯಾಕೆಂದರೆ ಅದನ್ನು ಮೂಳೆಯ ಪುಡಿ ಹಾಕಿ ಬಿಳುಪು ಮಾಡುತ್ತಾರೆ ಎಂದು ಯಾರೋ ಅವಳ ಕಿವಿಯಲ್ಲಿ ಊದಿದ್ದರು. ಹಿಂದಿನ ಯುಗಾದಿಯವರೆಗೂ ಅದೇ ಸಕ್ಕರೆ ಹಾಕಿದ ಕಾಫಿಯನ್ನು ಲೋಟ ಬಗ್ಗಿಸಿ ಕುಡಿಯುತ್ತಿದ್ದಳು.

ಐವತ್ತರ ದಶಕದ ನಡುವಿನ ಮಾತು. ನನ್ನನ್ನು ಕೊಟ್ಟಿದ್ದು ಚಾಮರಾಜನಗರಕ್ಕೆ. ಮನೆಯ ಮುಂಭಾಗ ಅಂಗಡಿ, ಹಿಂಭಾಗ ವಾಸ. ಅಂಗಡಿಯಲ್ಲಿ ಅರಿಶಿನ, ಹುಣಸೆಹಣ್ಣು, ಒಣ ಮೆಣಸಿನಕಾಯಿ, ಪುಣಜನೂರಿನ ಕಡೆಯಿಂದ ಬರುವ ಕಾಡುಜೇನು. ಗಂಡ ನನ್ನ ಸೋದರತ್ತೆಯ ಮಗ. ಅಂದರೆ ಅತ್ತೆ ನನ್ನ ಅಪ್ಪನ ತಂಗಿ, ತೆರಕಣಾಂಬಿಯ ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದವಳು. ರಕ್ತಸಂಬಂಧ, ಹುಡುಗಿ ಸುಖವಾಗಿರುತ್ತಾಳೆ ಎಂದು ಎಲ್ಲರೂ ಹೇಳಿದ್ದರು. ಹೇಳಿದವರು ಯಾರೂ ಆ ಮನೆಯಲ್ಲಿ ಒಂದು ದಿನ ಸೊಸೆಯಾಗಿರಲಿಲ್ಲ. ನಾನು ಮುದ್ದೆ ಕಟ್ಟಿದರೆ ಗಂಟು, ಸಾರು ಮಾಡಿದರೆ ನೀರು, ಸುಮ್ಮನಿದ್ದರೆ ಕೊಬ್ಬು. ಗಂಡ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಅವನ ಬಾಯಲ್ಲಿದ್ದದ್ದು ಒಂದೇ ಮಾತು: "ಅವ್ವ ಯೋಳ್ದಂಗೆ ಮಾಡ್ಬುಡು ಕಣಮ್ಮಿ."

ನನಗೆ ಬೇಕಿದ್ದದ್ದು ಒಂದೇ. ಹೆರಿಗೆಗೆ ತವರಿಗೆ ಹೋಗಬೇಕು. ಚೊಚ್ಚಲು. ಭಯ ಎಷ್ಟಿತ್ತೆಂದರೆ ಹೊಟ್ಟೆಯೊಳಗೆ ಮಗು ಮಿಸುಕಿದರೂ ಬೆವರುತ್ತಿದ್ದೆ. ನೋವು ಬಂದಾಗ ಕೂಗುವುದಕ್ಕೆ ಅವ್ವ ಇರುವ ಮನೆ ಬೇಕಾಗಿತ್ತು. ಈ ಮನೆಯಲ್ಲಿ ಕೂಗಿದರೆ ಅದಕ್ಕೂ ಒಂದು ಕೊಂಕು ಬರುತ್ತಿತ್ತು.

ನಮ್ಮ ಕಡೆ ಏಳನೆಯ ತಿಂಗಳಲ್ಲಿ ತವರಿನವರು ಬಂದು ಮಡಿಲು ತುಂಬಿ ಕರೆದುಕೊಂಡು ಹೋಗುತ್ತಾರೆ. ಬರುವಾಗ ಸಿಹಿ ತರುತ್ತಾರೆ. ಅದನ್ನು ಅತ್ತೆಯಾದವಳು ಬಾಯಿಗಿಟ್ಟುಕೊಂಡು "ಕರ್ಕೊಂಡೋಗಿ" ಎನ್ನಬೇಕು. ಸಿಹಿ ತಿನ್ನದೆ ಕಳಿಸಿದರೆ ತಾಯಿಗೂ ಮಗುವಿಗೂ ಆಗಿಬರುವುದಿಲ್ಲ ಎಂಬ ನಂಬಿಕೆ. ಆದ್ದರಿಂದ ತಿನ್ನದಿದ್ದರೆ ಕಳಿಸುವ ಹಾಗಿಲ್ಲ. ಅತ್ತೆ ವ್ರತ ಹಿಡಿದದ್ದು ಯಾಕೆಂದು ಈಗ ಗೊತ್ತಾಯಿತಲ್ಲ?

ಅವ್ವನಿಗೆ ವ್ರತದ ಸುದ್ದಿಯೇ ತಿಳಿದಿರಲಿಲ್ಲ. ಕುಕ್ಕೆ ತುಂಬ ಕಜ್ಜಾಯ ಹೊತ್ತು ಬಸ್ಸಿಳಿದು ಬಂದಳು. ಅತ್ತೆ ಕುಕ್ಕೆಯ ಮೇಲಿನ ಬಟ್ಟೆಯನ್ನೂ ಸರಿಸಲಿಲ್ಲ.

"ನಿಮ್ಮೊಲೆ ಮೇಲೆ ಬೆಂದದ್ದ ನಾ ಮುಟ್ಟಕಿಲ್ಲ ಕಣತ್ತಿಗೆ. ವ್ರತ."

"ಯಾವಾಗಿಂದ?"

"ಸಿವ ಬುದ್ಧಿ ಕೊಟ್ಟಾಗಿಂದ."

ಅವ್ವ ಸಂಜೆಯ ಬಸ್ಸಿಗೆ ಒಬ್ಬಳೇ ಹೋದಳು. ಕಜ್ಜಾಯವನ್ನು ಓಣಿಯ ಮಕ್ಕಳು ತಿಂದರು. ಅತ್ತೆ ಆ ರಾತ್ರಿ ಹಾಡು ಗುನುಗುತ್ತ ಅಕ್ಕಿ ಆರಿಸಿದಳು. ನನಗೆ ಆ ಮೊರವನ್ನು ಕಿತ್ತು ಅವಳ ತಲೆಯ ಮೇಲೆ ಬೋರಲು ಹಾಕಬೇಕೆನ್ನಿಸಿತ್ತು.

ಎರಡನೆಯ ಸಲ ಅವ್ವ ಒಲೆ ಹಚ್ಚದೆ ತಂಬಿಟ್ಟು ಮಾಡಿ ತಂದಳು. ಹುರಿಗಡಲೆ ಹಿಟ್ಟು, ಕುಟ್ಟಿದ ಬೆಲ್ಲ, ತುರಿದ ಕೊಬ್ಬರಿ, ಎಳ್ಳು, ಏಲಕ್ಕಿ. ಬೆಲ್ಲವನ್ನು ಪಾಕವೂ ಮಾಡಿರಲಿಲ್ಲ, ತುಪ್ಪ ಸವರಿಕೊಂಡು ಕೈಯಲ್ಲೇ ನಾದಿದ್ದಳು. ಈ ಸಲ ಗೆದ್ದೆವು ಎಂದುಕೊಂಡು ನಾನು ಸೀರೆಗಳನ್ನು ಗಂಟು ಕಟ್ಟಿಟ್ಟಿದ್ದೆ. ಅತ್ತೆ ಒಂದು ಉಂಡೆಯನ್ನು ಎರಡಾಗಿ ಮುರಿದು ಮೂಗಿನ ಹತ್ತಿರ ಹಿಡಿದಳು. ಮೊಸರಲ್ಲಿ ಕಲ್ಲು ಹುಡುಕುವುದನ್ನು ಅವಳಿಂದ ಕಲಿಯಬೇಕು.

"ಉರಿಗಡ್ಲೆ. ಯಾವನೋ ಬಟ್ಟಿಯೋನು ಮರಳಲ್ಲಿ ಉರಿದದ್ದಲ್ವಾ? ಅದು ಬೆಂಕಿ ಅಲ್ಲದೆ ಬೆಳದಿಂಗ್ಳಾ?"

ಒಂದು ಹೋಳನ್ನು ಕುಕ್ಕೆಗೆ ಎಸೆದು ಇನ್ನೊಂದನ್ನು ಬೆಳಕಿಗೆ ಹಿಡಿದಳು.

"ಬೆಲ್ಲ. ಆಲೆಮನೆ ಕೊಪ್ಪರಿಗೇಲಿ ಕಾಯ್ಸಿದ್ದು."

"ಬೆಲ್ಲ ನೀವೂ ದಿನಾ ತಿಂತೀರಲ್ಲ ಅತ್ತೆ," ಎಂದೆ. ಬಾಯಿ ತಡೆಯಲಿಲ್ಲ.

"ನಮ್ಮನೆ ಬೆಲ್ಲ ನಮ್ಮೊಲೆ ಮೇಲೆ ಇನ್ನೊಂದ್ಸಲ ಕಾಯ್ತದೆ. ಸುದ್ಧ ಆಯ್ತದೆ. ನಿಂಗೇನಮ್ಮಿ ಗೊತ್ತು?" ಆಮೇಲೆ ಅವ್ವನ ಕಡೆ ತಿರುಗಿ, "ಬಸುರಿ ಇರೋ ಮನೆಗೆ ಎಳ್ಳು ತಂದಿದ್ದೀಯಲ್ಲ, ಮಗ್ಳು ಬದುಕ್ಬಾರ್ದು ಅಂತ್ಲಾ?" ಎಂದಳು.

ಎಳ್ಳು ಉಷ್ಣ, ಬಸುರಿಗೆ ಕೊಡಬಾರದು ಎಂಬುದು ನಿಜ. ಆದರೆ ಆ ಉಂಡೆ ನನ್ನ ಬಾಯಿಗಲ್ಲ, ಅವಳ ಬಾಯಿಗೆ ತಂದದ್ದು. ಅವ್ವ ಇಷ್ಟನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಕುಕ್ಕೆ ಎತ್ತಿಕೊಂಡಳು, ನನ್ನನ್ನು ಹಿತ್ತಲಿಗೆ ಕರೆದು, "ನಿಮ್ಮೂರ ಸಂತೆ ಯಾವತ್ತು?" ಎಂದು ಮಾತ್ರ ಕೇಳಿದಳು. ಹೇಳಿದೆ. ಹೋದಳು. ನಾನು ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟೆ. ಅವ್ವನ ಮೇಲೂ ಸಿಟ್ಟು ಬಂದಿತ್ತು. ಜಗಳವಾಡಲು ಬಾರದವಳು ಮಗಳನ್ನು ಇಂಥ ಮನೆಗೆ ಯಾಕೆ ಕೊಡಬೇಕು?

ಮೂರನೆಯ ಸಲ ಅವ್ವ ಸಂತೆಯ ದಿನ ಬಂದಳು. ಅಂಗಡಿಯ ಮುಂದೆ ಉಮ್ಮತ್ತೂರಿನ ಕಡೆಯಿಂದ ಬಂದ ಗಿರಾಕಿಗಳು, ಜಗಲಿಯ ಮೇಲೆ ನೆರೆಮನೆಯ ಹೆಂಗಸರು. ಈ ಸಲ ಕುಕ್ಕೆಯಲ್ಲಿ ಮಾಡಿದ ಸಿಹಿ ಇರಲಿಲ್ಲ. ಬಟ್ಟೆಯ ಗಂಟುಗಳಿದ್ದವು. ಒಂದೊಂದನ್ನೇ ಬಿಚ್ಚಿ ಜಗಲಿಯ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟಳು. ಖರ್ಜೂರ. ಒಣದ್ರಾಕ್ಷಿ. ಉದ್ದಕ್ಕೆ ಸೀಳಿ ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿದ ಬಾಳೆಹಣ್ಣು, ಕಂದು ಬಣ್ಣಕ್ಕೆ ತಿರುಗಿ ತೊಗಲಿನಂತೆ ಬಾಗುತ್ತಿತ್ತು. ಒಣಕೊಬ್ಬರಿ. ಶುಂಠಿ, ಮೆಣಸು, ಲವಂಗ, ಏಲಕ್ಕಿ.

"ಇದ್ರಲ್ಲಿ ಯಾವ್ದಾರ ಒಲೆ ಮುಟ್ಟಿದ್ರೆ ಈಗ್ಲೇ ಯೋಳ್ಬುಡು," ಎಂದಳು ಅವ್ವ. "ಎಲ್ಲಾ ಸೂರ್ಯ ಬೇಯ್ಸಿದ್ದು. ಅವ್ನ ಒಲೆ ಯಾರ ಮನೇದು ಅಂತ ಕೇಳ್ತೀಯಾ?"

ಜಗಲಿಯ ಹೆಂಗಸರು ಕಿಸಕ್ಕನೆ ನಕ್ಕರು. ಅತ್ತೆಯ ಮುಖ ಕಪ್ಪಿಟ್ಟಿತು.

"ಒರಳು ನಿಂದೇ ಕೊಡು. ನಮ್ಮನೆ ಒರಳಿಗೂ ನಿಂಗೊಂದು ಮೈಲಿಗೆ ಉಟ್ಕಬಾರ್ದು."

ಅತ್ತೆ ಕದಲಲಿಲ್ಲ. ನಾನೇ ಅಂಗಳದ ಕಲ್ಲೊರಳನ್ನು ತೊಳೆದು ಒನಕೆ ತಂದುಕೊಟ್ಟೆ. ಅಂಟಿಗೆ ಜೇನು ಬೇಕು. ಜೇನು ಎಲ್ಲಿಂದ ತಂದರೂ ಅತ್ತೆ ಒಂದು ಮಾತು ಹುಡುಕುತ್ತಾಳೆಂದು ಅವ್ವನಿಗೆ ಗೊತ್ತಿತ್ತು. ಅಂಗಡಿಯ ಕಡೆ ನೋಡಿ, "ಬೀಗ್ರೆ, ನಿಮ್ಮಂಗ್ಡಿ ಜೇನೇ ಕೊಡಿ," ಎಂದಳು. ನನ್ನ ಮಾವ ಹೆಂಡತಿಯ ಎದುರು ಗಟ್ಟಿಯಾಗಿ ಕೆಮ್ಮಿದವರೂ ಅಲ್ಲ. ಅಂದು ಎದ್ದು ಬಂದು ಪುಣಜನೂರಿನ ಜೇನಿನ ಜಾಡಿಯನ್ನು ಜಗಲಿಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ವಾಪಸು ಹೋದರು.

ಅವ್ವ ಕುಟ್ಟತೊಡಗಿದಳು. ಮೊದಲು ಮಸಾಲೆ. ಶುಂಠಿ, ಲವಂಗ ಒಡೆದ ಘಾಟು ಅಂಗಡಿಯ ಮೆಣಸಿನಕಾಯಿ ವಾಸನೆಯನ್ನೂ ಮೀರಿಸಿತು. ಆಮೇಲೆ ಬೀಜ ತೆಗೆದ ಖರ್ಜೂರ, ಬಾಳೆಹಣ್ಣು, ದ್ರಾಕ್ಷಿ. ಅವು ಒನಕೆಗೆ ಅಂಟಿಕೊಂಡು ಮೇಲೆದ್ದು ಬರುತ್ತಿದ್ದವು, ಪ್ರತಿ ಸಲವೂ ಬೆರಳಿನಿಂದ ಕೆಳಕ್ಕೆ ತಳ್ಳಬೇಕು. ನನ್ನವ್ವನಿಗೆ ಜಗಳವಾಡಲು ಬರುವುದಿಲ್ಲ ಎಂದುಕೊಂಡಿದ್ದೆನಲ್ಲ, ಅವಳು ಒನಕೆಯಲ್ಲಿ ಜಗಳವಾಡುತ್ತಿದ್ದಳು. ಒಂದೊಂದು ಪೆಟ್ಟಿಗೂ ಅತ್ತೆಯ ಮುಖ ನೋಡುತ್ತಿದ್ದಳು.

ಅತ್ತೆಗೆ ತಡೆಯಲಾಗಲಿಲ್ಲ. "ಆವತ್ತು ಇಂಗೆ ಒಂದು ಚೂರು ಸಿಹಿ ತಕ್ಕಂಡು ನನ್ನ ಕರೆಯಕ್ಕೆ ಯಾರ್ ಬಂದಿದ್ರು?" ಎಂದಳು. ದನಿ ಇದ್ದಕ್ಕಿದ್ದಂತೆ ಬೇರೆಯಾಗಿತ್ತು.

ಒನಕೆ ನಿಂತಿತು.

"ನಾನೂ ಬಸುರಿ, ನೀನೂ ಬಸುರಿ. ಒಂದೇ ಮನೇಲಿ ಇಬ್ರು ಬಾಣ್ತೀರು ಇರ್ಬಾರ್ದು ಅಂದ್ರಿ. ಬರ್ಬ್ಯಾಡ ಅಂತ ಯೋಳಿ ಕಳ್ಸುದ್ರಿ. ನಾ ಉಟ್ಟಿದ ಮನೆಗೆ ನನ್ನ ಬರ್ಬ್ಯಾಡ ಅಂದ್ರಿ."

"ನಂಗೆ ತವ್ರಿರ್ಲಿಲ್ಲ ಕಣವ್ವ," ಎಂದಳು ಅವ್ವ. "ಅವ್ವ ಸತ್ತಿದ್ಲು. ನಾ ಎಲ್ಲಿಗೆ ಓಗ್ಬೇಕಿತ್ತು?"

"ನಿಂಗಿರ್ಲಿಲ್ಲ. ನಂಗಿತ್ತು. ಇದ್ದದ್ದ ನೀನು ಕಿತ್ಕಂಡೆ. ನಾನಿಲ್ಲಿ ಎತ್ತೆ. ಎಣ್ಣು ಮಗ. ಕಣ್ಣೇ ಬುಡ್ಲಿಲ್ಲ."

ಜಗಲಿಯಲ್ಲಿ ಯಾರೂ ನಗಲಿಲ್ಲ. ನನ್ನ ಗಂಡ ಹುಟ್ಟಿದ್ದು ತೆರಕಣಾಂಬಿಯಲ್ಲಿ, ಅವ್ವ ಆ ಮನೆಗೆ ಬರುವುದಕ್ಕೆ ಮುಂಚೆ ಎಂಬುದು ನನಗೆ ಗೊತ್ತಿತ್ತು. ಅವನ ಬೆನ್ನಿಗೆ ಒಂದು ಹೆಣ್ಣು ಹುಟ್ಟಿತ್ತು ಎಂದು ಯಾರೂ ಹೇಳಿರಲಿಲ್ಲ. ಆ ಸಲ ತೆರಕಣಾಂಬಿಯ ಬಾಣಂತಿ ಕೋಣೆಯಲ್ಲಿ ಅವ್ವ ಹೆತ್ತದ್ದು ನನ್ನನ್ನು. ಅತ್ತೆಗೆ ಸಿಗಬೇಕಿದ್ದ ಕೋಣೆಯಲ್ಲಿ ನಾನು ಹುಟ್ಟಿದ್ದೆ. ಅವಳು ಅಣ್ಣನ ಮನೆಯಿಂದ ನನ್ನನ್ನೇ ಸೊಸೆಯಾಗಿ ತರಬೇಕೆಂದು ಹಟ ಹಿಡಿದದ್ದು ಯಾಕೆಂದು ಆಗ ಅರ್ಥವಾಯಿತು. ಹೋದದ್ದಕ್ಕೆ ಬದಲು ಇದು. ತಂದುಕೊಂಡದ್ದನ್ನು ವಾಪಸು ಕಳಿಸುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ.

ನನಗೆ ಕನಿಕರ ಬರಬೇಕಿತ್ತು ಎಂದು ನೀವು ಹೇಳಬಹುದು. ಬರಲಿಲ್ಲ. ನಾನೇನು ಆ ಕೋಣೆಯನ್ನು ಕೇಳಿಕೊಂಡು ಹುಟ್ಟಿದ್ದೆನೇ? ಹುಟ್ಟಿದ ತಪ್ಪಿಗೆ ಎರಡು ವರ್ಷದಿಂದ ಅವಳ ಪಾತ್ರೆ ತಿಕ್ಕುತ್ತಿದ್ದೇನೆಯೇ ಎಂದು ಮೈಯೆಲ್ಲ ಉರಿದುಹೋಯಿತು.

ಅವ್ವ ಒನಕೆಯನ್ನು ಗೋಡೆಗೆ ಒರಗಿಸಿದಳು. ಕುಟ್ಟಿದ್ದಕ್ಕೆ ಕೊಬ್ಬರಿ ತುರಿ ಸೇರಿಸಿ, ಜೇನು ಬಿಟ್ಟು ನಾದಿದಳು. ಬಾಳೆಲೆಯ ಮೇಲೆ ಚಿಕ್ಕ ಚಿಕ್ಕ ಉಂಡೆ ಇಟ್ಟು, ಚೊಂಬಿನ ತಳದಿಂದ ಒತ್ತಿ ಬಿಲ್ಲೆ ಮಾಡಿದಳು. ಬಿಸಿಲಿಗೆ ಇಟ್ಟಳು. ಅವು ಒಣಗಿ ಅಂಚು ಗಟ್ಟಿಯಾಗುವವರೆಗೂ ಸಂತೆಯನ್ನು ಮರೆತು ಜಗಲಿಯಿಂದ ಯಾರೂ ಕದಲಲಿಲ್ಲ. ಅಂಗಡಿಯೊಳಗಿಂದ ಮಾವ ಇಣುಕಿ, "ಬಿಸ್ಕತ್ತು ಇದ್ದಂಗವೆ," ಎಂದರು.

ಅವ್ವ ಬಾಳೆಲೆಯನ್ನೇ ಎತ್ತಿ ಅತ್ತೆಯ ಮುಂದೆ ಹಿಡಿದಳು. ಒಲೆಯಿಲ್ಲ, ಸಕ್ಕರೆಯಿಲ್ಲ, ಬೆಲ್ಲವಿಲ್ಲ, ಎಳ್ಳಿಲ್ಲ. ಒರಳು ಅವಳದು, ಜೇನು ಅವಳದು. ಊರೇ ನೋಡುತ್ತಿತ್ತು. ಅತ್ತೆ ಬಿಲ್ಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಕೊನೆಗೆ ಒಂದನ್ನು ತೆಗೆದುಕೊಂಡು, ಎದೆಯ ಮೇಲಿನ ಲಿಂಗಕ್ಕೆ ತೋರಿಸಿ, ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು.

"ಲವಂಗ ಜಾಸ್ತಿ ಆಗ್ಯದೆ," ಎಂದಳು.

ಅವ್ವ ಎಲೆಯನ್ನು ಕೆಳಗಿಳಿಸಲಿಲ್ಲ.

"ಕರ್ಕೊಂಡೋಗು. ನಾನೂ ಬತ್ತೀನಿ."

ಸೊಸೆಯ ಬಾಣಂತನಕ್ಕೆ ಅತ್ತೆ ಹೋಗಿ ಬೀಗರ ಮನೆಯಲ್ಲಿ ಕೂರುವುದು ನಮ್ಮಲ್ಲಿ ಎಲ್ಲೂ ಇಲ್ಲ. ಅವ್ವ ಹಾಗೆಂದು ಹೇಳಬಹುದಿತ್ತು. "ಬಾ," ಎಂದಳು. ಆ ಒಂದು ಮಾತಿಗೆ ನಾನು ಅವ್ವನ ಹತ್ತಿರ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಯಾರಿಂದ ತಪ್ಪಿಸಿಕೊಂಡು ಹೋಗಬೇಕೆಂದು ಅಷ್ಟು ಒದ್ದಾಡಿದ್ದೆನೋ ಅವಳೇ ಬಸ್ಸಿನಲ್ಲಿ ನನ್ನ ಪಕ್ಕ, ಬಿಲ್ಲೆಗಳ ಕುಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಉಳಿದ ಜೇನಿನ ಜಾಡಿಯನ್ನು ಕಾಲ ಬುಡದಲ್ಲಿ ಒತ್ತಿಕೊಂಡು ಕೂತಳು. ವ್ರತ ಏನಾಯಿತು ಎಂದು ಕೇಳಬೇಡಿ. ತೆರಕಣಾಂಬಿಯ ಒಲೆ ಅವಳು ಹುಟ್ಟಿದ ಮನೆಯ ಒಲೆಯಂತೆ, ಅದು ಬೇರೆಯವರದಾಗುವುದಿಲ್ಲವಂತೆ.

ಬಸ್ಸಿಳಿದದ್ದೇ ಎಲ್ಲರಿಗಿಂತ ಮುಂದೆ ನಡೆದಳು. ಕಾಲಿಗೆ ನೀರು ಕೊಡುವವರೆಗೂ ನಿಲ್ಲಲಿಲ್ಲ. ಸೀದಾ ಒಳಕ್ಕೆ ಹೋಗಿ ಬಾಣಂತಿ ಕೋಣೆಯ ಮಂಚದ ಮೇಲೆ ಕೂತಳು. ಅಪ್ಪ ತಂಗಿಯನ್ನು ಬಾಗಿಲಿನಿಂದಲೇ ನೋಡಿ ಹಿತ್ತಲಿಗೆ ಹೊರಟುಹೋದ. ಅಲ್ಲಿಂದ ಹೆರಿಗೆಯವರೆಗೆ ಅವಳೂ ಅವ್ವನೂ ಪ್ರತಿದಿನ ಕಿತ್ತಾಡಿದರು: ಕಷಾಯಕ್ಕೆ ಮೆಣಸು ಎಷ್ಟು, ಹಂಡೆಯ ಕೆಳಗೆ ಸೌದೆ ಎಷ್ಟು, ನಾನು ಯಾವ ಮಗ್ಗುಲಾಗಿ ಮಲಗಬೇಕು. ನನ್ನನ್ನು ಯಾರೂ ಕೇಳಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲವನ್ನೂ ಅವಳೇ ತಿಂದಳು.

ನೋವು ಬಂದಾಗ ನಾನು "ಅವ್ವಾ" ಎಂದು ಕೂಗಿದೆ. ಓಡಿ ಬಂದು ಕೈ ಹಿಡಿದವಳು ಅತ್ತೆ. ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಹೆಣ್ಣು ಮಗು. ಸೂಲಗಿತ್ತಿ ಎತ್ತಿ ಹಿಡಿದದ್ದನ್ನು ನಾನು ಕೈ ಚಾಚಿ ಕೇಳುವುದರೊಳಗೆ ಅತ್ತೆ ತನ್ನ ಸೆರಗಿಗೆ ಹಾಕಿಕೊಂಡಳು. ಜಾಡಿಯ ತಳದಲ್ಲಿದ್ದ ಜೇನಿಗೆ ಬೆರಳದ್ದಿ ಅದರ ನಾಲಿಗೆಗೆ ನೆಕ್ಕಿಸಿದಳು. ಮಗು ಚೀಪಿತು.

"ಅತ್ತಿಗೆ, ಕಣ್ಣು ಬುಡ್ತು ನೋಡು," ಎಂದಳು ಅವ್ವನಿಗೆ.

ಇಬ್ಬರೂ ಅಳುತ್ತಿದ್ದರು. ನನ್ನ ಮಗಳನ್ನು ನನ್ನ ಕೈಗೆ ಕೊಡಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.